ಚಳಿ ಎಣಿಸುವ ಗಡ್ಡೆ

ಶ್ರೀನಗರದವರು ಚಳಿಗೂ ಹೆಸರಿಟ್ಟಿದ್ದಾರೆ ಮಕ್ಕಳೇ. ಅದೂ ಒಂದಲ್ಲ, ಮೂರು. ಡಿಸೆಂಬರ್ 21ರ ಸುಮಾರಿಗೆ ಬಂದು ಕೂರುವವನು ದೊಡ್ಡಣ್ಣ ಚಿಲ್ಲೈ ಕಲಾನ್. 40 ದಿನ ಜಪ್ಪಯ್ಯ ಅಂದರೂ ಏಳುವುದಿಲ್ಲ. ಅವನು ಹೋದ ಮೇಲೆ ತಮ್ಮ ಚಿಲ್ಲೈ ಖುರ್ದ್ ಬರುತ್ತಾನೆ, 20 ದಿನಕ್ಕೆ. ಕೊನೆಗೆ ಪುಟ್ಟ ತಮ್ಮ ಚಿಲ್ಲೈ ಬಚ್ಚಾ, 10 ದಿನಕ್ಕೆ. ಮೂವರನ್ನೂ ಕೂಡಿಸಿದರೆ 70 ದಿನ. ಈ 70 ದಿನ ಯಾವಾಗ ಮುಗಿದೀತು ಎಂದು ಕಿಟಕಿಯ ಪಕ್ಕ ಕಾಯುತ್ತಾ ಕೂತಿರುವ ಒಬ್ಬ ಮಾಲಿ ಇದ್ದಾರೆ. ಇವತ್ತು ಅವರ ಮನೆಗೆ ಹೋಗಿಬರೋಣ.

ಅವರನ್ನು ಚಾಚಾ ಅನ್ನೋಣ. ಈ ಚಾಚಾ ಹುಟ್ಟಿದ್ದು ನನ್ನ ತಲೆಯೊಳಗೆ. ಆದರೆ ಅವರ ಊರು, ಅವರ ಚಳಿ, ಅವರು ಮಣ್ಣಲ್ಲಿ ಊರಿಟ್ಟ ಗಡ್ಡೆಗಳು, ಇವು ಯಾವುವೂ ಕಟ್ಟುಕತೆಯಲ್ಲ.

ಈಗ ಜನವರಿ. ಚಾಚಾ ಮೊಣಕಾಲಿನವರೆಗೆ ಇಳಿಬಿದ್ದ ಉಣ್ಣೆಯ ನಿಲುವಂಗಿ ತೊಟ್ಟಿದ್ದಾರೆ. ಅದರ ಹೆಸರು ಫೆರನ್. ಎರಡೂ ಕೈ ತೋಳುಗಳಿಂದ ಒಳಗೆ ಎಳೆದುಕೊಂಡು ಹೊಟ್ಟೆಯ ಹತ್ತಿರ ಏನನ್ನೋ ಅವಚಿಕೊಂಡಿದ್ದಾರಲ್ಲ, ಅದು ಕಾಂಗ್ಡಿ. ಮಣ್ಣಿನ ಕುಡಿಕೆ, ಸುತ್ತ ಬೆತ್ತದ ಬುಟ್ಟಿಯಂಥ ಹೆಣಿಗೆ, ಒಳಗೆ ಕೆಂಡ. ಆ ಕೆಂಡ ಎಲ್ಲಿಯದು ಗೊತ್ತೇ? ಅಕ್ಟೋಬರ್, ನವೆಂಬರಿನಲ್ಲಿ ಚಿನಾರ್ ಮರ ಕೆಂಪಗೆ ಉದುರಿಸಿದ ಎಲೆಗಳನ್ನು ಗುಡಿಸಿ, ಸುಟ್ಟು, ಇದ್ದಿಲು ಮಾಡಿಟ್ಟುಕೊಂಡದ್ದು. ಮರ ಬೇಡವೆಂದು ಬಿಟ್ಟ ಎಲೆ ಚಾಚಾನ ಹೊಟ್ಟೆಯ ಬಳಿ ಬೆಚ್ಚಗೆ ಕೂತಿದೆ.

ಕಿಟಕಿಯ ಆಚೆ ಎಲ್ಲ ಬಿಳಿ. ಪಾತಿ ಎಲ್ಲಿ, ಬದು ಎಲ್ಲಿ, ಕಾಲುದಾರಿ ಎಲ್ಲಿ, ಒಂದೂ ಗೊತ್ತಾಗುವುದಿಲ್ಲ.

ನಮ್ಮ ಕನ್ನಡದಲ್ಲಿ ಹೀಗೆ ಬೆಳ್ಳಗೆ ಬಿದ್ದದ್ದಕ್ಕೆ ಹಿಮ ಅನ್ನುತ್ತೇವೆ, ಮಂಜು ಅಂತಲೂ ಅನ್ನುತ್ತೇವೆ. ಮಡಿಕೇರಿಯಲ್ಲಿ ಬೆಳಗ್ಗೆ ಗುಡ್ಡ ಮುಚ್ಚುವುದೂ ಮಂಜೇ, ಕಾಶ್ಮೀರದಲ್ಲಿ ಮಾಡಿನ ಮೇಲೆ ಕೂರುವುದೂ ಮಂಜೇ! ನಮ್ಮೂರಲ್ಲಿ ಬೀಳದ ವಸ್ತುವಿಗೆ ನಮ್ಮಜ್ಜಿಯರು ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ, ಅಷ್ಟೆ. ಕಾಶ್ಮೀರಿಗಳು ಅದನ್ನು ಶೀನ್ ಅನ್ನುತ್ತಾರೆ. ನಾವು ಇಲ್ಲಿ ಹಿಮ ಎಂದೇ ಕರೆಯೋಣ, ಗೊಂದಲ ಬೇಡ.

ಚಾಚಾ ನಿಟ್ಟುಸಿರು ಬಿಟ್ಟರು. ಅವರಿಗೆ ಬೇಕಾದದ್ದು ಸೋಂತ್. ಸೋಂತ್ ಅಂದರೆ ಕಾಶ್ಮೀರಿಯಲ್ಲಿ ವಸಂತ.

ಅವರು ಕೆಲಸ ಮಾಡುವ ತೋಟ ದಾಲ್ ಸರೋವರದ ಮಗ್ಗುಲಲ್ಲಿ, ಜಬರ್ವಾನ್ ಬೆಟ್ಟದ ಬುಡದಲ್ಲಿದೆ. 2007ರಲ್ಲಿ ಜನರಿಗೆ ತೆರೆದ ಟ್ಯೂಲಿಪ್ ತೋಟ ಅದು. ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟಕ್ಕೆ ಏರುವ ಪಾತಿಗಳು. ಏಷ್ಯಾದಲ್ಲಿ ಇಷ್ಟು ದೊಡ್ಡ ಟ್ಯೂಲಿಪ್ ತೋಟ ಇನ್ನೊಂದಿಲ್ಲ ಅನ್ನುತ್ತಾರೆ. 2023ರಲ್ಲಿ ಅಲ್ಲಿ 68 ಬಗೆಯ ಸುಮಾರು 15 ಲಕ್ಷ ಹೂಗಳಿದ್ದವು. ಕೆಂಪು, ಹಳದಿ, ನೇರಳೆ, ಬಿಳಿ ಪಟ್ಟೆ ಪಟ್ಟೆಯಾಗಿ, ಇಳಕಲ್ ಸೀರೆಗಳನ್ನು ಬಿಸಿಲಿಗೆ ಹರವಿದ ಹಾಗೆ. ಆದರೆ ಅದು ಮಾರ್ಚ್ ಕೊನೆ, ಏಪ್ರಿಲಿನ ಮಾತು. ಈಗ ಅಷ್ಟೂ ಬಣ್ಣ ನೆಲದೊಳಗೆ, ಆರು ಇಂಚು ಕೆಳಗೆ, ಈರುಳ್ಳಿಯಂಥ ಕಂದು ಗಡ್ಡೆಗಳಲ್ಲಿ ಅಡಗಿದೆ. ಚಳಿಗೆ ಮೊದಲೇ ಮಾಲಿಗಳು ಸಾಲು ಹಿಡಿದು ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೂ ಕೈಯಿಂದಲೇ ಊರಿದ್ದಾರೆ.

ಒಂದು ಗಡ್ಡೆಯನ್ನು ಆಗ ಉದ್ದಕ್ಕೆ ಸೀಳಿ ನೋಡಿದ್ದರೆ? (ಚಾಚಾ ಬಿಡುತ್ತಿರಲಿಲ್ಲ, ಬೈಯುತ್ತಿದ್ದರು. ಸೀಳಿದೆವು ಅಂದುಕೊಳ್ಳಿ.) ಈರುಳ್ಳಿಯ ಹಾಗೇ ಪದರದ ಮೇಲೆ ಪದರ. ನಟ್ಟನಡುವೆ, ಬುಡದಲ್ಲಿ, ಅಕ್ಕಿಕಾಳಿನಷ್ಟು ಪುಟ್ಟದೊಂದು ಮೊಳಕೆ. ಭೂತಗನ್ನಡಿ ಹಿಡಿದರೆ ಅದರಲ್ಲಿ ಎಲೆ ಕಾಣುತ್ತದೆ, ಎಲೆಯ ನಡುವೆ ಹೂವೂ ಕಾಣುತ್ತದೆ! ಆರು ಎಸಳು, ಆರು ಕೇಸರ, ನಡುವೆ ಒಂದು ಶಲಾಕೆ. ಯಾವುದೂ ಬಿಟ್ಟುಹೋಗಿಲ್ಲ.

ಟ್ಯೂಲಿಪ್ ತನ್ನ ಹೂವನ್ನು ವಸಂತದಲ್ಲಿ ತಯಾರಿಸುವುದಿಲ್ಲ. ಹಿಂದಿನ ಬೇಸಿಗೆಯಲ್ಲೇ, ಎಲೆ ಒಣಗಿ ಗಡ್ಡೆ ಸುಮ್ಮನೆ ಬಿದ್ದಿದೆ ಎಂದು ನಾವು ಅಂದುಕೊಳ್ಳುವ ಹೊತ್ತಿನಲ್ಲೇ, ಅದು ಒಳಗೊಳಗೇ ಮುಂದಿನ ವರ್ಷದ ಹೂವನ್ನು ಹೊಲಿದು ಮಡಚಿ ಇಟ್ಟಿರುತ್ತದೆ. ದೀಪಾವಳಿಗೆ ಬೇಕಾದ ಅಂಗಿಯನ್ನು ನಾಗರಪಂಚಮಿಗೇ ಹೊಲಿಸಿ ಪೆಟ್ಟಿಗೆಯಲ್ಲಿಟ್ಟ ಹಾಗೆ. ಸೇಬಿನ ಮರವೂ ಹೀಗೆಯೇ. ಜನವರಿಯಲ್ಲಿ ಬೋಳಾಗಿ ನಿಂತ ಕೊಂಬೆಯ ಮೇಲಿನ ಒಂದೊಂದು ಉಬ್ಬು ಮೊಗ್ಗಿನೊಳಗೂ ಏಪ್ರಿಲಿನ ಹೂ ಆಗಲೇ ಸಿದ್ಧವಾಗಿದೆ.

ಹಾಗಾದರೆ ಹೊರಗೆ ಬರಲಿ! ಯಾಕೆ ತಡ? ಚಾಚಾ ಕೇಳುವುದೂ ಅದನ್ನೇ.

ಮೊದಲು ಗಡ್ಡೆ ಸತ್ತಿಲ್ಲವಲ್ಲ, ಅದನ್ನು ನೋಡೋಣ. 2024ರ ಡಿಸೆಂಬರಿನಲ್ಲಿ ಒಂದು ರಾತ್ರಿ ಶ್ರೀನಗರದ ತಾಪ ಸೊನ್ನೆಗಿಂತ 8.5 ಡಿಗ್ರಿ ಕೆಳಗೆ ಇಳಿದಿತ್ತು. ನಲ್ಲಿಯ ನೀರು ಕೊಳವೆಯಲ್ಲೇ ಗಟ್ಟಿಯಾಗುತ್ತದೆ. ದಾಲ್ ಸರೋವರದ ಮೇಲೆ ಮಂಜುಗಡ್ಡೆಯ ಹೊದಿಕೆ ಬರುತ್ತದೆ. ಇಂಥ ಚಳಿಯಲ್ಲಿ ನೀರು ತುಂಬಿದ ರಸವತ್ತಾದ ಗಡ್ಡೆ ಹೇಗೆ ಉಳಿಯಿತು?

ಉಳಿಸಿದ್ದು ಆ ಹಿಮವೇ. ಚಾಚಾ ದಿನಾ ಬೈಯುವ ಅದೇ ಹಿಮ.

ಒಂದು ದೊಡ್ಡ ಚೀಲ ಮಂಡಕ್ಕಿ ಎತ್ತಿ ನೋಡಿ. ಚೀಲ ನಿಮ್ಮಷ್ಟೇ ಎತ್ತರ, ಭಾರ ಮಾತ್ರ ಏನೂ ಇಲ್ಲ. ಏಕೆಂದರೆ ಅದರಲ್ಲಿರುವುದು ಬಹುಪಾಲು ಗಾಳಿ. ಹೊಸದಾಗಿ ಬಿದ್ದ ಹಿಮವೂ ಹಾಗೆಯೇ. ಹತ್ತು ಇಂಚು ಹಿಮವನ್ನು ಪಾತ್ರೆಗೆ ತುಂಬಿ ಕರಗಿಸಿದರೆ ಸಿಗುವ ನೀರು ಸುಮಾರು ಒಂದು ಇಂಚು. ಮಿಕ್ಕ ಒಂಬತ್ತು ಪಾಲು ಹಿಮದ ಹರಳುಗಳ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿ. ಅಲ್ಲಾಡದೆ ನಿಂತ ಗಾಳಿ ಶಾಖವನ್ನು ಸುಲಭಕ್ಕೆ ಆಚೆ ಬಿಡುವುದಿಲ್ಲ. ಕುರಿ ಉಣ್ಣೆಯ ಕರಿಕಂಬಳಿ ಬೆಚ್ಚಗಿರುವುದೂ ಇದೇ ಗುಟ್ಟಿನಿಂದ: ಕಂಬಳಿಗೆ ತನ್ನದೇ ಬಿಸಿ ಅಂತ ಇಲ್ಲ, ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ನಿಮ್ಮ ಮೈಯ ಬಿಸಿಯನ್ನು ನಿಮಗೇ ಉಳಿಸಿಕೊಡುತ್ತದೆ. ಮಣ್ಣಿನಾಳದಲ್ಲಿ ಬೇಸಿಗೆಯ ಶಾಖ ಇನ್ನೂ ಅಷ್ಟಿಷ್ಟು ಉಳಿದಿರುತ್ತದೆ. ಅದು ಮೆಲ್ಲಗೆ ಮೇಲೆ ಬಂದರೆ ಹಿಮದ ಕಂಬಳಿ ತಡೆಯುತ್ತದೆ. ಮೇಲೆ ಗಾಳಿ ಎಷ್ಟೇ ಕೊರೆಯಲಿ, ಒಂದಡಿ ದಪ್ಪ ಹಿಮದ ಕೆಳಗಿನ ಮಣ್ಣು ಸಾಮಾನ್ಯವಾಗಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ.

ಹಾಗಾಗಿ ತೋಟದವರಿಗೆ ನಿಜವಾಗಿ ಭಯ ಹುಟ್ಟಿಸುವುದು ಹಿಮವಲ್ಲ, ಹಿಮವಿಲ್ಲದ ಚಳಿ. 2024ರ ಜನವರಿಯಲ್ಲಿ ಗುಲ್ಮರ್ಗದಲ್ಲಿ, ಜಾರುಬಂಡಿ ಆಡಲು ದೇಶವೆಲ್ಲ ಹೋಗುವ ಆ ಊರಲ್ಲಿ, ವಾರಗಟ್ಟಲೆ ಹಿಮವೇ ಬೀಳಲಿಲ್ಲ. ಬರಿ ಕಂದು ಹುಲ್ಲು. ಹೊದಿಕೆಯಿಲ್ಲದ ಮಣ್ಣು ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತದೆ, ಹಗಲು ಸಡಿಲಗೊಂಡು ಕುಸಿಯುತ್ತದೆ. ಹೀಗೆ ಉಬ್ಬಿ ಕುಸಿದು, ಉಬ್ಬಿ ಕುಸಿದು, ಬೇರುಗಳನ್ನು ಕಿತ್ತು, ಚಿಕ್ಕ ಗಿಡಗಳನ್ನು ನೆಲದಿಂದ ಮೇಲಕ್ಕೆ ತಳ್ಳಿಬಿಡುತ್ತದೆ.

ಹಿಮ ಬೀಳಬೇಕು, ಸರಿಯಾದ ಹೊತ್ತಿಗೇ ಬೀಳಬೇಕು. 2018ರಲ್ಲಿ ಮತ್ತೆ 2019ರಲ್ಲಿ ನವೆಂಬರಿನ ಮೊದಲ ವಾರದಲ್ಲೇ ಕಾಶ್ಮೀರದಲ್ಲಿ ಹಿಮ ಸುರಿಯಿತು. ಸೇಬಿನ ಮರಗಳು ಇನ್ನೂ ಎಲೆ ಉದುರಿಸಿರಲಿಲ್ಲ. ಒಂದೊಂದು ಎಲೆಯೂ ಅಂಗೈ ಒಡ್ಡಿ ಹಿಮವನ್ನು ಹಿಡಿಯಿತು. ಭಾರ ತಾಳದೆ ಕೊಂಬೆಗಳು ಲಟಲಟ ಮುರಿದವು, ಕೆಲವು ಮರ ನಡುವೆಯೇ ಸೀಳಿಹೋದವು. ಚಳಿಗೆ ಮುಂಚೆ ಮರ ಬೋಳಾಗುವುದು ಏಕೆ ಎಂದು ಯಾರಾದರೂ ಕೇಳಿದರೆ ಈ ಎರಡು ವರ್ಷದ ಕತೆ ಹೇಳಿ.

ಕಂಬಳಿ ಹೊದ್ದದ್ದಾಯಿತು. ಗಡ್ಡೆ ಇನ್ನೊಂದು ಉಪಾಯವನ್ನೂ ಮಾಡುತ್ತದೆ, ಅದು ಅಡುಗೆಮನೆಯ ಉಪಾಯ. ಎರಡು ಪುಟ್ಟ ಲೋಟ ತಗೊಳ್ಳಿ. ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಜಾಮೂನಿನ ಪಾಕದಂತೆ ಸಕ್ಕರೆ ಕದಡಿದ ನೀರು. ಎರಡನ್ನೂ ಫ್ರಿಜ್ಜಿನ ಐಸ್ ಆಗುವ ಗೂಡಿನಲ್ಲಿಡಿ. ಬರಿ ನೀರು ಕಲ್ಲಾಗುವ ಹೊತ್ತಿಗೂ ಪಾಕದ ನೀರು ಇನ್ನೂ ಮೆದುವಾಗಿಯೇ ಇರುತ್ತದೆ. ಸಕ್ಕರೆ ಬೆರೆತರೆ ನೀರು ಬೇಗ ಹೆಪ್ಪುಗಟ್ಟದು. ಚಳಿ ತಾಗಿದೊಡನೆ ಗಡ್ಡೆ ಮಾಡುವುದೂ ಇದನ್ನೇ. ತಾನು ಕೂಡಿಟ್ಟ ಪಿಷ್ಟವನ್ನು ಒಡೆದೊಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಜೊತೆಗೆ ಕೋಶದೊಳಗಿನ ನೀರು ಸ್ವಲ್ಪ ಸ್ವಲ್ಪವೇ ಕೋಶಗಳ ನಡುವಿನ ಸಂದಿಗೆ ಜಾರಿ, ಅಲ್ಲಿ ಬೇಕಾದರೆ ಹರಳಾಗುತ್ತದೆ. ಹರಳಿನ ಚೂಪು ಮೊನೆ ಹೊರಗೇ ಉಳಿಯಿತು, ಒಳಗಿನ ಪಾಕ ಗಟ್ಟಿಯಾಗಲಿಲ್ಲ, ಜೀವ ಉಳಿಯಿತು.

ಆಲೂಗಡ್ಡೆ ಫ್ರಿಜ್ಜಿನಲ್ಲಿಡಬೇಡ ಎಂದು ಮನೆಯಲ್ಲಿ ಹೇಳುತ್ತಾರಲ್ಲ? ಇಟ್ಟರೆ ಕೆಲವೇ ದಿನದಲ್ಲಿ ಸಿಹಿ ಸಿಹಿಯಾಗುತ್ತದೆ, ಹುರಿದರೆ ಕಪ್ಪಾಗುತ್ತದೆ. ಪಾಪ, ಆಲೂಗಡ್ಡೆಗೆ ತಾನಿರುವುದು ದಾವಣಗೆರೆಯ ಅಡುಗೆಮನೆಯಲ್ಲಿ ಎಂದು ಗೊತ್ತಿಲ್ಲ. ಚಳಿಗಾಲ ಬಂತೆಂದು ಪಾಕ ಹಿಡಿಯಲು ಶುರುಮಾಡಿರುತ್ತದೆ. ಕಾಶ್ಮೀರಿಗಳು ದಿನಾ ಉಣ್ಣುವ ಹಾಕ್ ಸೊಪ್ಪು ಕೊರೆಯುವ ಚಳಿ ಬಿದ್ದ ಮೇಲೆ ಹೆಚ್ಚು ರುಚಿ ಕಟ್ಟುವುದೂ ಹೀಗೆಯೇ. ಹಾಕ್ ಸಿಗದ ದಿನಕ್ಕೆ ಚಾಚಾನ ಮನೆಯಲ್ಲಿ ಬೇರೆ ಏರ್ಪಾಡಿದೆ ಅನ್ನಿ: ಬೇಸಿಗೆಯಲ್ಲಿ ದಾರಕ್ಕೆ ಪೋಣಿಸಿ ಒಣಗಿಸಿದ ಬದನೆ, ಸೋರೆ, ಟೊಮೇಟೊ. ನಮ್ಮ ಸಂಡಿಗೆ, ಬಾಳಕದ ಮೆಣಸಿನಕಾಯಿಯ ದೂರದ ನೆಂಟರು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆಯೇ ಬಂದಿರಲಿಲ್ಲ.

ಚಾಚಾಗೆ ಒಂದು ವರ ಸಿಕ್ಕಿತು ಅಂದುಕೊಳ್ಳಿ. ಚಳಿಯೇ ಬೇಡ, ಹಿಮವೇ ಬೇಡ, ಊರಿದ ಮರುದಿನದಿಂದಲೇ ಹದವಾದ ವಸಂತ! ಆಗ ಗಡ್ಡೆಗಳು ಕುಣಿಕುಣಿದು ಹೂ ಬಿಡುತ್ತವೆಯೇ? ಇಲ್ಲ. ನಾಲ್ಕು ಎಲೆ ಬರುತ್ತದೆ. ದೇಟು ಉದ್ದಕ್ಕೆ ಏಳುವುದೇ ಇಲ್ಲ. ಬೇಸಿಗೆಯಲ್ಲಿ ಅಷ್ಟು ಜತನದಿಂದ ಮಾಡಿಟ್ಟ ಹೂ ಎಲೆಗಳ ನಡುವೆ ಕುಗ್ಗಿ, ಅಲ್ಲೇ ಒಣಗಿಹೋಗುತ್ತದೆ. ಟ್ಯೂಲಿಪ್ ಗಡ್ಡೆಗೆ ಸುಮಾರು 12ರಿಂದ 16 ವಾರಗಳ ತಂಪು ಬೇಕೇ ಬೇಕು. ಆ ತಂಪನ್ನು ಉಂಡ ಮೇಲಷ್ಟೇ ದೇಟಿಗೆ ಚಾಚಿಕೊಳ್ಳುವ ಕಸುವು ಬರುತ್ತದೆ. ಊರ ಜನರ ಚಳಿಯ ಲೆಕ್ಕ 70 ದಿನ. ಗಡ್ಡೆಯ ಲೆಕ್ಕ ಅದಕ್ಕಿಂತ ಉದ್ದ, 84 ದಿನದಿಂದ 112 ದಿನ. ಅದು ನವೆಂಬರಿನಲ್ಲೇ ಎಣಿಸಲು ಕೂತಿರುತ್ತದೆ.

ಬೆಚ್ಚಗಿನ ಊರಿನಲ್ಲಿ ಟ್ಯೂಲಿಪ್ ಬೆಳೆಸಬೇಕೆನ್ನುವವರು ಗಡ್ಡೆಗಳನ್ನು ಕೆಲವು ತಿಂಗಳು ಫ್ರಿಜ್ಜಿನಲ್ಲಿಟ್ಟು ಮೋಸ ಮಾಡುತ್ತಾರೆ. ಆಗ ಒಂದು ಎಚ್ಚರ ಬೇಕು: ಪಕ್ಕದಲ್ಲಿ ಸೇಬುಹಣ್ಣು ಇಡುವಂತಿಲ್ಲ. ಹಣ್ಣಾಗುವಾಗ ಸೇಬು ಬಿಡುವ ಎಥಿಲೀನ್ ಎಂಬ ಅನಿಲ, ಅದೇ ಬಾಳೆಕಾಯಿಯನ್ನು ಹಣ್ಣು ಮಾಡುವ ಅನಿಲ, ಗಡ್ಡೆಯೊಳಗಿನ ಮರಿಹೂವನ್ನು ಕೊಂದುಬಿಡುತ್ತದೆ. ಕಾಶ್ಮೀರದ ಮಣ್ಣಿನ ಮೇಲೆ ಚೆನ್ನಾಗಿ ಹೊಂದಿಕೊಂಡ ಸೇಬು, ಟ್ಯೂಲಿಪ್ ಎರಡೂ ಫ್ರಿಜ್ಜಿನೊಳಗೆ ಕಿತ್ತಾಡುತ್ತವೆ.

ಸೇಬಿನ ಮರವೂ ಹೀಗೆ ಚಳಿಯ ಲೆಕ್ಕ ಇಡುತ್ತದೆ, ಆದರೆ ದಿನದಲ್ಲಲ್ಲ, ತಾಸಿನಲ್ಲಿ. 7 ಡಿಗ್ರಿಗಿಂತ ಕೆಳಗಿನ ಚಳಿ ಒಟ್ಟು ಎಷ್ಟು ತಾಸು ಸಿಕ್ಕಿತು ಎಂದು ತೋಟಗಾರಿಕೆಯವರು ಕೂಡಿಸುತ್ತಾರೆ. ಹಳೇ ತಳಿಯ ಸೇಬಿಗೆ ಸಾವಿರ ತಾಸಿನಷ್ಟು ಬೇಕು. ನಮ್ಮ ಮಂಡ್ಯದಲ್ಲೋ ಕಲಬುರಗಿಯಲ್ಲೋ ಅಂಥ ಸೇಬು ನೆಟ್ಟರೆ ಅದು ಸಾವಿರ ತಾಸು ಕಾದೂ ಕಾದೂ ಗಲಿಬಿಲಿಯಾಗಿ, ಅಲ್ಲೊಂದು ಎಲೆ ಇಲ್ಲೊಂದು ಮೊಗ್ಗು ಬಿಟ್ಟು ಸುಮ್ಮನಾಗುತ್ತದೆ. ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ತೀರಾ ಕಡಿಮೆ ಚಳಿಗೇ ತೃಪ್ತಿಪಡುವ ಒಂದು ಸೇಬನ್ನು ಬೆಳೆಸಿದ ಮೇಲೆ ಈ ಮಾತು ಸ್ವಲ್ಪ ಬದಲಾಗಿದೆ; ಎಚ್‌ಆರ್‌ಎಂಎನ್-99 ಎನ್ನುವ ಆ ತಳಿ ಸೆಕೆಯ ಊರುಗಳಲ್ಲೂ ಕಾಯಿ ಕಚ್ಚುತ್ತದೆ.

ಇಲ್ಲೊಂದು ತಮಾಷೆ ಇದೆ. ಮೊಗ್ಗಿನ ಲೆಕ್ಕಕ್ಕೆ ಕೊರೆಯುವ ಚಳಿಗಿಂತ ಫ್ರಿಜ್ಜಿನಂಥ ಹದ ಚಳಿಯೇ ಚೆನ್ನಾಗಿ ಸಲ್ಲುತ್ತದೆ. ಸೊನ್ನೆಗಿಂತ ಕೆಳಗಿನ ತಾಸುಗಳು ಹೆಚ್ಚಾಗಿ ಜಮೆ ಆಗುವುದೇ ಇಲ್ಲ. ಚಾಚಾ ಹಲ್ಲು ಕಟಕಟಿಸಿದ ರಾತ್ರಿಗಳಿಗೆ ಮರದ ಪುಸ್ತಕದಲ್ಲಿ ಅಂಕವಿಲ್ಲ!

ಗಿಡಕ್ಕೆ ಬೆರಳಿಲ್ಲ, ಕ್ಯಾಲೆಂಡರಿಲ್ಲ, ಮಿದುಳೂ ಇಲ್ಲ. ಎಣಿಸುವುದಾದರೂ ಹೇಗೆ?

ಇದಕ್ಕೆ ಬೇರೆ ಬೇರೆ ಗಿಡಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ನನಗೆ ಬಹಳ ಹಿಡಿಸಿದ್ದು ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಎಂಬ ಗೇಣುದ್ದದ ಕಳೆಯ ಉತ್ತರ. ಇಂಗ್ಲೆಂಡಿನ ನಾರ್ವಿಚ್ ಊರಿನ ಜಾನ್ ಇನ್ನೆಸ್ ಕೇಂದ್ರದಲ್ಲಿ ಕ್ಯಾರೊಲಿನ್ ಡೀನ್ ಎಂಬ ವಿಜ್ಞಾನಿ ಈ ಕಳೆಯ ಹಿಂದೆ ದಶಕಗಟ್ಟಲೆ ಬಿದ್ದರು. ಅದರೊಳಗೆ ಎಫ್‌ಎಲ್‌ಸಿ ಎಂಬ ಒಂದು ಜೀನ್ ಇದೆ. ಅದರ ಕೆಲಸ ಬ್ರೇಕ್ ಹಿಡಿಯುವುದು. 'ಹೂ ಬಿಡಬೇಡ, ಹೂ ಬಿಡಬೇಡ' ಎನ್ನುತ್ತಲೇ ಇರುತ್ತದೆ. ಚಳಿ ಬಂದಾಗ ಈ ಬ್ರೇಕ್ ಬಿಡುತ್ತಾ ಹೋಗುತ್ತದೆ. ಆದರೆ ಇಡೀ ಗಿಡದಲ್ಲಿ ಒಟ್ಟಿಗೆ ಸಡಿಲವಾಗುವುದಿಲ್ಲ. ಡೀನ್, ಗಣಿತದ ಕಡೆಯಿಂದ ಬಂದ ಮಾರ್ಟಿನ್ ಹೊವಾರ್ಡ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದ್ದು ಇದನ್ನೇ.

ನಿಮ್ಮ ತರಗತಿಯನ್ನು ನೆನೆಸಿಕೊಳ್ಳಿ. 50 ಮಕ್ಕಳು. ಮೇಷ್ಟರು ಹೇಳುತ್ತಾರೆ: 'ಯಾರಿಗೆ ಚಳಿ ಸಾಕು ಅನ್ನಿಸುತ್ತದೋ ಅವರು ಕೈ ಎತ್ತಿ. ಎತ್ತಿದ ಕೈ ಮತ್ತೆ ಇಳಿಸುವಂತಿಲ್ಲ.' ಯಾರೂ ಅರ್ಧ ಕೈ ಎತ್ತುವುದಿಲ್ಲ. ಎತ್ತಿದರೆ ಪೂರ್ತಿ, ಇಲ್ಲವಾದರೆ ಇಲ್ಲ. ಮೊದಲ ವಾರ ನಾಲ್ಕು ಕೈ. ಮೂರನೇ ವಾರ ಹದಿನೆಂಟು. ಎಂಟನೇ ವಾರಕ್ಕೆ ಹೆಚ್ಚುಕಡಿಮೆ ಇಡೀ ತರಗತಿಯ ಕೈ ಮೇಲೆ. ಯಾವ ಹುಡುಗನೂ ವಾರ ಎಣಿಸಲಿಲ್ಲ, ಆದರೂ ಬಾಗಿಲಲ್ಲಿ ನಿಂತು ಎತ್ತಿದ ಕೈಗಳನ್ನು ನೋಡಿದರೆ ಎಷ್ಟು ಚಳಿ ಕಳೆಯಿತು ಎಂದು ತಿಳಿಯುತ್ತದೆ. ಗಿಡದ ಕೋಶಗಳು ಆಡುವ ಆಟ ಇದೇ. ಒಂದೊಂದು ಕೋಶವೂ ತನ್ನ ಪಾಲಿನ ಬ್ರೇಕನ್ನು ತಾನೇ, ತನ್ನ ಗಳಿಗೆ ಬಂದಾಗ, ಪೂರ್ತಿ ಬಿಟ್ಟುಬಿಡುತ್ತದೆ. ನಡುವೆ ಎರಡು ದಿನ ಬಿಸಿಲು ಬಂದರೂ ಎತ್ತಿದ ಕೈ ಇಳಿಯುವುದಿಲ್ಲ. (ತರಗತಿಯ ಅಂಕೆಗಳು ನಾನು ಹಾಕಿದ್ದು, ಆಟದ ನಿಯಮ ಗಿಡದ್ದು.) ಆ ಗಿಡ ಬೀಜ ಕಟ್ಟುವಾಗ ಎಲ್ಲರೂ ಕೈ ಇಳಿಸುತ್ತಾರೆ. ಮರಿಗಿಡಕ್ಕೆ ಅಮ್ಮ ಕಂಡ ಚಳಿಯ ನೆನಪಿಲ್ಲ. ಅದು ತನ್ನ ಚಳಿಯನ್ನು ತಾನೇ ಮೊದಲಿಂದ ಎಣಿಸಬೇಕು.

ಮರಗಳ ಮೊಗ್ಗಿನಲ್ಲಿ ಆಟ ಬೇರೆ. ಅಲ್ಲಿ ಕೋಶದಿಂದ ಕೋಶಕ್ಕೆ ಮಾತು ಸಾಗಿಸುವ ಸಣ್ಣ ಸಣ್ಣ ಕಿಂಡಿಗಳಿವೆ. ಸ್ವೀಡನ್ನಿನ ಉಮಿಯೊ ಊರಿನ ರಿಷಿಕೇಶ್ ಭಾಲೇರಾವ್ ಮತ್ತು ಸಂಗಡಿಗರು ಆಸ್ಪೆನ್ ಎಂಬ ಮರದಲ್ಲಿ ಇದನ್ನು ನೋಡಿ 2018ರಲ್ಲಿ ಪ್ರಕಟಿಸಿದರು. ಹಗಲು ಚಿಕ್ಕದಾಗುತ್ತಲೇ ಮೊಗ್ಗು ಆ ಕಿಂಡಿಗಳಿಗೆಲ್ಲ ಬಿರಡೆ ಹಾಕಿಕೊಂಡುಬಿಡುತ್ತದೆ. 'ಬೆಳೆ' ಎಂಬ ಸುದ್ದಿ ಹೊರಗೆ ಎಷ್ಟು ಕೂಗಿದರೂ ಒಳಗೆ ಕೇಳಿಸದು. ತಿಂಗಳುಗಟ್ಟಲೆ ಚಳಿ ಉಂಡ ಮೇಲಷ್ಟೇ ಬಿರಡೆ ತೆರೆಯುತ್ತದೆ. ಉಮಿಯೊದಲ್ಲಿ ಚಳಿ ಹೇಗಿರುತ್ತದೆಂದರೆ ಶ್ರೀನಗರ ಅದರ ಮುಂದೆ ಚಿಲ್ಲೈ ಬಚ್ಚಾ.

ಇಷ್ಟೆಲ್ಲ ರಗಳೆ ಯಾಕೆ, ಬಿಸಿಲು ಬಂದಾಗ ಅರಳಿದರೆ ಸಾಲದೇ ಅನ್ನುತ್ತೀರಿ. ಬಿಸಿಲು ನಂಬಿಕಸ್ತನಲ್ಲ ಮಕ್ಕಳೇ. ಜನವರಿಯಲ್ಲೂ ನಾಲ್ಕು ದಿನ ಹೊಂಬಿಸಿಲು ಬರುತ್ತದೆ. 'ವಸಂತ ಬಂತು' ಎಂದು ಮೋಸಹೋಗಿ ಅರಳಿದ ಹೂ ಐದನೇ ದಿನದ ಹಿಮಕ್ಕೆ ಕಪ್ಪಾಗಿ ಉದುರುತ್ತದೆ. ಆ ವರ್ಷ ಬೀಜವಿಲ್ಲ. ಚಳಿ ಪೂರ್ತಿ ಕಳೆಯಿತೇ ಎಂದು ಲೆಕ್ಕ ನೋಡಿಯೇ ಎದ್ದ ಗಿಡಕ್ಕೆ ಮಕ್ಕಳಾದವು, ಮೊಮ್ಮಕ್ಕಳಾದವು. ಟ್ಯೂಲಿಪ್‌ಗಳ ತವರು ಮಧ್ಯ ಏಷ್ಯಾದ ತಿಯೆನ್ ಶಾನ್, ಪಾಮೀರ್ ಕಡೆಯ ಬೆಟ್ಟಗಳು. ಅಲ್ಲಿ ಚಳಿಗಾಲ ಕೊರೆಯುತ್ತದೆ, ಬೇಸಿಗೆ ಸುಡುತ್ತದೆ. ನಡುವೆ ಸಿಗುವ ಹಸಿ ವಸಂತ ನಾಲ್ಕು ದಿನದ್ದು. ಅಷ್ಟರಲ್ಲೇ ಎದ್ದು, ಅರಳಿ, ಗಡ್ಡೆಗೆ ಊಟ ತುಂಬಿ ಮತ್ತೆ ನೆಲಕ್ಕಿಳಿಯಬೇಕು. ಬೇಗ ಎದ್ದರೂ ಕಷ್ಟ, ತಡವಾದರೂ ಕಷ್ಟ.

ಆತುರಗಾರರೂ ಇದ್ದಾರೆ. ಶ್ರೀನಗರದ ಹರಿಪರ್ವತದ ಬುಡದಲ್ಲಿ ಬಾದಾಮ್‌ವಾರಿ ಎಂಬ ಬಾದಾಮಿ ತೋಪಿದೆ. ಬಾದಾಮಿಗೆ ಸೇಬಿನಷ್ಟು ಚಳಿ ಬೇಡ. ಅದರ ಲೆಕ್ಕ ಬೇಗ ಮುಗಿಯುತ್ತದೆ. ಮಾರ್ಚಿನಲ್ಲಿ, ಎದುರಿನ ಬೆಟ್ಟಗಳು ಇನ್ನೂ ಬೆಳ್ಳಗಿರುವಾಗಲೇ, ಒಂದೆಲೆಯೂ ಇಲ್ಲದ ಕೊಂಬೆ ತುಂಬ ತಿಳಿಗುಲಾಬಿ ಹೂ. ಊರೆಲ್ಲ ನೋಡಲು ಹೋಗುತ್ತದೆ. ಅಂಥ ಹೊತ್ತಲ್ಲಿ ಒಂದು ರಾತ್ರಿ ಚಳಿ ತಿರುಗಿ ಬಂದರೆ ಮೊದಲು ಪೆಟ್ಟು ತಿನ್ನುವುದೂ ಬಾದಾಮಿಯೇ. ಹೂ ತೋಪಿನಲ್ಲಷ್ಟೇ ಅಲ್ಲ, ಮನೆಯ ಮೇಲೂ ಅರಳುತ್ತಿತ್ತು: ಹಳೇ ಕಾಲದಲ್ಲಿ ಕಾಶ್ಮೀರಿಗಳ ಮನೆಯ ಮಾಡಿಗೆ ಭೂರ್ಜ ಮರದ ತೊಗಟೆ ಹಾಸಿ, ಮೇಲೆ ಮಣ್ಣು ಹೊದಿಸುತ್ತಿದ್ದರು. ಆ ಮಣ್ಣಲ್ಲಿ ವಸಂತಕ್ಕೆ ಟ್ಯೂಲಿಪ್ ಅರಳುತ್ತಿತ್ತು. ಮೊಗಲ್ ದೊರೆ ಜಹಾಂಗೀರ ಅದನ್ನು ಕಂಡು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ತಲೆಯ ಮೇಲೆ ಹೂ ಮುಡಿದ ಮನೆಗಳ ಊರನ್ನು ಕಣ್ಣಿಗೆ ತಂದುಕೊಳ್ಳಿ.

ನಮ್ಮ ಕಡೆ ಹಿಮವಿಲ್ಲ, ಆದರೆ ಲೆಕ್ಕ ಇಡುವ ಗಿಡಗಳು ಇಲ್ಲವೆಂದಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳು ಚೆನ್ನಾಗಿ ತಣ್ಣಗಿದ್ದರೆ ಮಾವು ಮೈತುಂಬ ಹೂ ಬಿಡುತ್ತದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ಗಿಡ ಎಣಿಸುವುದು ಚಳಿಯನ್ನಲ್ಲ, ಒಣ ದಿನಗಳನ್ನು. ಮೊಗ್ಗು ಬಾಯಾರಿ ಕಾಯುತ್ತಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ದೂರದಿಂದ ನೋಡಿದರೆ ಹಿಮವೇ! ನಿಮ್ಮ ಮನೆಯ ಬೆಳ್ಳುಳ್ಳಿಯೂ ಚಳಿ ಬಲ್ಲದು. ಸಾಕಷ್ಟು ತಂಪು ಸಿಗದಿದ್ದರೆ ಎಸಳೊಡೆಯದೆ ಒಂಟಿ ಗಡ್ಡೆಯಾಗಿ ಉಳಿದುಬಿಡುತ್ತದೆ. ನಾಲ್ಕು ಎಸಳನ್ನು ತಿಂಗಳು ಫ್ರಿಜ್ಜಿನಲ್ಲಿಟ್ಟು, ನಾಲ್ಕನ್ನು ಹೊರಗಿಟ್ಟು, ಒಂದೇ ದಿನ ಮಣ್ಣಿಗೆ ಹಾಕಿ. ಯಾವುದು ಮೊದಲು ಹಸಿರು ಮೂಗು ತೋರಿಸುತ್ತದೆ ನೋಡಿ, ನನಗೆ ಬರೆಯಿರಿ.

ಚಾಚಾ ಇನ್ನೂ ಕಿಟಕಿಯ ಹತ್ತಿರವೇ ಇದ್ದಾರೆ. ಅವರಿಗೊಂದು ದೂರು ಬಾಕಿ ಇದೆ. ಡಿಸೆಂಬರ್ 21ರ ಆಸುಪಾಸೇ ವರ್ಷದ ಅತಿ ಚಿಕ್ಕ ಹಗಲು, ಶ್ರೀನಗರದಲ್ಲಿ 10 ತಾಸೂ ತುಂಬದು. ಮರುದಿನದಿಂದ ಹಗಲು ಬೆಳೆಯುತ್ತಾ ಹೋಗುತ್ತದೆ. ಚಳಿಯೂ ಇಳಿಯಬೇಕಲ್ಲವೇ? ಇಳಿಯುವುದು ಹಾಗಿರಲಿ, ಚಿಲ್ಲೈ ಕಲಾನ್ ಆಗಷ್ಟೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ! ಇದೇನೂ ಹೊಸದಲ್ಲ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕೆ, ನಮಗೆ ಸೆಕೆ ತಡೆಯಲಾಗದೆ ಹೋಗುವುದು ಎರಡು ಮೂರು ಗಂಟೆಗೆ. ನೆಲ, ನೀರು ಕಾಯುವುದಕ್ಕೂ ಹೊತ್ತು ಬೇಕು, ಆರುವುದಕ್ಕೂ ಹೊತ್ತು ಬೇಕು. ಒಲೆಗೆ ಮತ್ತೆ ಕಟ್ಟಿಗೆ ಬಿದ್ದರೂ ತಣ್ಣಗಾದ ಹಂಚು ತಕ್ಷಣ ಕಾಯುತ್ತದೆಯೇ?

ಚಿಲ್ಲೈ ಕಲಾನ್ ಹೋದ. ಖುರ್ದ್ ಬಂದು ಹೋದ. ನಮ್ಮಲ್ಲಿ ಶಿವರಾತ್ರಿಗೆ ಚಳಿ 'ಶಿವ ಶಿವ' ಎನ್ನುತ್ತಾ ಓಡಿಹೋಗುತ್ತದೆ ಅನ್ನುತ್ತಾರಲ್ಲ, ಕಾಶ್ಮೀರಿ ಪಂಡಿತರ ಮನೆಗಳಲ್ಲಿ ಅದೇ ಹಬ್ಬ ಹೆರತ್. ಅಕ್ರೋಟನ್ನು ಕೊಡದ ನೀರಲ್ಲಿ ನೆನೆಹಾಕಿ ಪೂಜೆ ಮಾಡುತ್ತಾರೆ. ಅಲ್ಲಿ ಹೆರತ್ ಹೊತ್ತಿಗೆ ಹಿಮ ಬಿದ್ದರೆ ಯಾರೂ ಮೂಗು ಮುರಿಯುವುದಿಲ್ಲ, ಬರಲಿ ಅಂತಲೇ ಕಾಯುತ್ತಾರೆ. ಆಮೇಲೆ ನವ್ರೆಹ್, ಅವರ ಹೊಸ ವರ್ಷ. ಅದು ಚೈತ್ರ ಶುದ್ಧ ಪಾಡ್ಯ, ಅಂದರೆ ನಮ್ಮ ಯುಗಾದಿಯ ದಿನವೇ! ಬೆಳಗ್ಗೆ ಎದ್ದೊಡನೆ ನೋಡುವುದು ಅಕ್ಕಿ, ಅಕ್ರೋಟು, ಮೊಸರು, ಹೂ, ಲೇಖನಿ ಇಟ್ಟ ಒಂದು ತಟ್ಟೆಯನ್ನು. ಅದರಲ್ಲಿ ಕಹಿಯ ಒಂದು ಮೂಲಿಕೆಯೂ ಇರುತ್ತದೆ. ನೀವು ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಮುಖ ಕಿವುಚುವ ಗಳಿಗೆಯಲ್ಲಿ, ಜಬರ್ವಾನ್ ಬುಡದಲ್ಲಿ ಚಾಚಾನ ಮೊದಲ ಸಾಲಿನ ಟ್ಯೂಲಿಪ್ ಬಾಯಿ ಬಿಡುತ್ತಿರುತ್ತದೆ.

ಆದರೆ ಅದಕ್ಕೆ ಇನ್ನೂ ದಿನ ಇದೆ. ಈಗ ಫೆಬ್ರವರಿಯ ಕೊನೆ, ಚಿಲ್ಲೈ ಬಚ್ಚಾನ ಪಾಳಿ. ಮಾಡಿನ ಅಂಚಿನಿಂದ ಇಳಿಬಿದ್ದ ಮಂಜುಗಡ್ಡೆಯ ಕೋಲುಗಳು ತೊಟ್ಟಿಕ್ಕುತ್ತಿವೆ. ಚಾಚಾಗೆ ಇನ್ನು ಕೂರಲಾಗಲಿಲ್ಲ. ಕಾಂಗ್ಡಿಯನ್ನು ಹೊಸ್ತಿಲ ಮೇಲೆ ಇಟ್ಟರು, ರಬ್ಬರ್ ಬೂಟು ಹಾಕಿದರು, ಪಾತಿಯ ಹತ್ತಿರ ಹೋಗಿ ಮಂಡಿಯೂರಿ ಬರಿಗೈಯಿಂದಲೇ ಹಿಮ ಸರಿಸಿದರು. ಒಂದು ಹಿಡಿ, ಎರಡು ಹಿಡಿ. ಕಪ್ಪು ಮಣ್ಣು ಕಂಡಿತು. ಮಣ್ಣು ಬಿರಿದ ಕಡೆ, ಬೆರಳ ತುದಿಯಷ್ಟು, ಕೆಂಪು ಅಂಚಿನ ಹಸಿರು ಮೂಗು.

ಚಾಚಾ ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ಸರಿಸಿದ ಹಿಮವನ್ನೆಲ್ಲ ಮತ್ತೆ ಅದರ ಮೇಲೆ ಎಳೆದು ಹೊದಿಸಿ, ಮೆಲ್ಲಗೆ ತಟ್ಟಿ, ಉಪ್ಪು ಚಹಾ ಕುಡಿಯಲು ಒಳಗೆ ಹೋದರು.